ಹಳೆಯ ಟ್ರಾಕ್ಟರಿನ ಚಕ್ರದಂತರವೂ ಟ್ರೇಲರಿನ ಪ್ರಯಾಣವೂ

ಎತ್ತಿನ ಗಾಡಿಯ ಚಕ್ರಗಳೆರಡರ ನಡುವಣ ಅಂತರವನ್ನು ಬಡಗಿಯು ಇರುಸನ್ನು ಕೂಡಿಸುವಾಗ ಒಂದು ಸಲ ನಿಶ್ಚಯಿಸಿದನೆಂದರೆ, ಗಾಡಿಯು ಮುರಿದುಹೋಗುವವರೆಗೂ ಅದು ಬದಲಾಗುವಂತಿಲ್ಲ. ಒಂದು ಸೀಮೆಯ ಗಾಡಿಗಳೆಲ್ಲವೂ ಒಂದೇ ಜಾಡಿನಲ್ಲಿ ನಡೆದುಬರುತ್ತಿದ್ದುದು ಇದರಿಂದಲೇ. ಟ್ರಾಕ್ಟರಿನ ವಿಷಯವು ಹಾಗಲ್ಲ. ಅದರ ಚಕ್ರಗಳನ್ನು ಬೇಕಾದಾಗ ಹತ್ತಿರಕ್ಕೆ ತರಬಹುದು, ಬೇಕಾದಾಗ ದೂರಕ್ಕೆ ಸರಿಸಬಹುದು. ಯಂತ್ರವನ್ನು ರಚಿಸಿದವರು ಈ ಅನುಕೂಲವನ್ನು ಬುದ್ಧಿಪೂರ್ವಕವಾಗಿ ಒದಗಿಸಿರುವರು. ಆದರೆ ನಮ್ಮಲ್ಲಿ ಬಹುಮಂದಿ ಮಾಲೀಕರು ಟ್ರಾಕ್ಟರನ್ನು ಕೊಂಡ ದಿನ ಚಕ್ರಗಳು ಎಷ್ಟು ಅಂತರದಲ್ಲಿದ್ದುವೋ ಅಷ್ಟರಲ್ಲಿಯೇ ಅದನ್ನು ಕಡೆಯವರೆಗೂ ನಡೆಸುತ್ತಾರೆ. ಇಲ್ಲವೆ, ಯಂತ್ರವನ್ನು ಟ್ರೇಲರಿನ ಮೇಲೆ ಬೇರೆ ಊರಿಗೆ ಸಾಗಿಸಬೇಕಾಗಿ ಬಂದಾಗ ಅವಸರದಲ್ಲಿ ಚಕ್ರಗಳನ್ನು ಒಳಕ್ಕೆ ತಂದು, ಆಮೇಲೆ ಅದನ್ನು ಮರೆತುಬಿಡುತ್ತಾರೆ. ಮೊದಲನೆಯದರಿಂದ ಬೆಳೆಗೆ ನಷ್ಟ. ಎರಡನೆಯದರಿಂದ ಪ್ರಾಣಕ್ಕೇ ಅಪಾಯ. ಈ ಎರಡನೆಯ ವಿಷಯವನ್ನು ಕುರಿತು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಕೆಲವು ಮಾತುಗಳನ್ನು ಬಿನ್ನವಿಸುವುದು ಈ ಲೇಖನದ ಉದ್ದೇಶ.

ಹಳೆಯ ಟ್ರಾಕ್ಟರುಗಳ ಪೈಕಿ ಫರ್ಗ್ಯುಸನ್ ಟಿ.ಇ. 20 ಎಂಬ ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಐರ್ಲೆಂಡಿನ ಉತ್ತರ ಭಾಗದವನಾದ ಹ್ಯಾರಿ ಫರ್ಗ್ಯುಸನ್ ಎಂಬಾತನ ಯೋಜನೆಯಂತೆ ಇದನ್ನು ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದಲ್ಲಿ 1946ರಿಂದ 1956ರವರೆಗೆ ತಯಾರಿಸಿದರು. ಈ ಹತ್ತು ವರ್ಷಗಳಲ್ಲಿ 5 ಲಕ್ಷಕ್ಕೂ ಮಿಕ್ಕಿ ಯಂತ್ರಗಳು ಹೊರಬಂದುವು. ಅದರ ತರುವಾಯ ಬಂದ 35 ಎಂಬ ಮಾದರಿಯು ಇದೇ ವಂಶದ್ದು. 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯವರು ತಯಾರಿಸಿದ ಮ್ಯಾಸ್ಸಿ ಫರ್ಗ್ಯುಸನ್ 1035 ಯಂತ್ರವೂ ಅದೇ ಬಳ್ಳಿಯ ಕುಡಿ. ನಮ್ಮ ಹಳ್ಳಿಗಳಲ್ಲಿ ಹಲವು ಕೈ ಬದಲಾಯಿಸಿ ಇಂದಿಗೂ ದುಡಿಯುತ್ತಿರುವ ಹಳೆಯ ಮ್ಯಾಸ್ಸಿಗಳನ್ನು ವಾಚಕರು ನೋಡಿಯೇ ಇರುವರು. ಆದಕಾರಣ ಕವೆಂಟ್ರಿಯ ಆ ಸಣ್ಣ ಯಂತ್ರದ ಚಕ್ರದ ವಿಷಯವು ನಮಗೆ ತೀರ ಹೊರಗಿನದಲ್ಲ.

ಈ ಯಂತ್ರದ ಹಿಂಚಕ್ರದಲ್ಲಿ ಎರಡು ಭಾಗಗಳಿವೆ. ಟಯರನ್ನು ಹೊತ್ತಿರುವ ರಿಮ್ಮು ಒಂದು. ಆ ರಿಮ್ಮನ್ನು ಇರುಸಿಗೆ ಸೇರಿಸುವ, ತಟ್ಟೆಯಂತೆ ಒಂದು ಕಡೆಗೆ ತಗ್ಗಾಗಿರುವ ಡಿಸ್ಕು ಮತ್ತೊಂದು. ತಟ್ಟೆಯ ತಗ್ಗನ್ನು ಒಳಮುಖವಾಗಿಯೂ ಇಡಬಹುದು, ಹೊರಮುಖವಾಗಿಯೂ ಇಡಬಹುದು. ರಿಮ್ಮಿನ ಒಳಗಡೆ ಇರುವ ಕಿವಿಗಳನ್ನು ಡಿಸ್ಕಿನ ಒಳಗಡೆಗೂ ಸೇರಿಸಬಹುದು, ಹೊರಗಡೆಗೂ ಸೇರಿಸಬಹುದು. ಆ ಕಿವಿಗಳು ರಿಮ್ಮಿನ ಸರಿಯಾದ ಮಧ್ಯದಲ್ಲಿರದೆ ಒಂದು ಪಕ್ಕಕ್ಕೆ ಇರುವುದರಿಂದ ರಿಮ್ಮನ್ನೇ ತಿರುಗಿಸಿ ಹಾಕಿದರೂ ಅಂತರವು ವ್ಯತ್ಯಾಸವಾಗುತ್ತದೆ. ಹೀಗೆ ಎರಡೆರಡು ಬಗೆಯ ಮೂರು ಹೊಂದಿಕೆಗಳಿಂದ ಒಟ್ಟು 8 ಅಂತರಗಳು ದೊರೆಯುತ್ತವೆ. ಟಯರಿನ ನಡುವಿನಿಂದ ಟಯರಿನ ನಡುವಿಗೆ ಅಳೆದರೆ ಅವು 48 ಅಂಗುಲದಿಂದ ಮೊದಲಾಗಿ ನಾಲ್ಕು ನಾಲ್ಕು ಅಂಗುಲ ಏರುತ್ತ 76 ಅಂಗುಲದವರೆಗೆ ಇವೆ. ಮುಂಗಡೆಯ ಇರುಸು ಮೂರು ತುಂಡುಗಳಾಗಿದ್ದು, ಪಕ್ಕದ ತುಂಡುಗಳನ್ನು ನಡುವಿನ ತುಂಡಿಗೆ ಬೋಲ್ಟುಗಳಿಂದ ಸೇರಿಸಿರುವರು. ರಂಧ್ರವನ್ನು ಬದಲಾಯಿಸಿ ಎರಡು ಕಡೆಗಳನ್ನೂ ಸಮವಾಗಿ ಹೊರಕ್ಕೋ ಒಳಕ್ಕೋ ಸರಿಸಬಹುದು. ಈ ಇರುಸಿನ ತೋಳುಗಳು ಹಿಂದಕ್ಕೆ ಬಾಗಿರುವಂತೆ ರಚಿತವಾಗಿರುವುದರಿಂದ, ಅಂತರವನ್ನು ಬದಲಾಯಿಸಿದಾಗ ಸ್ಟೀರಿಂಗಿನ ಸರಳುಗಳನ್ನು ಮತ್ತೆ ಸರಿಮಾಡುವ ಶ್ರಮವಿಲ್ಲ. ಬೇರೆ ಕೆಲವು ಮಾದರಿಗಳಲ್ಲಿ ಆ ಸರಳುಗಳ ಉದ್ದವನ್ನೂ ಹೊಂದಿಸಬೇಕಾಗುತ್ತದೆ. ಆದುದರಿಂದ ತಮ್ಮ ಯಂತ್ರದ ಕೈಪಿಡಿಯನ್ನು ನೋಡಿಯೇ ಕೈಹಾಕತಕ್ಕದ್ದು.

ಇಷ್ಟು ಅಂತರಗಳು ಏತಕ್ಕೆ ಎಂದರೆ, ಒಂದೊಂದು ಕೆಲಸಕ್ಕೂ ಒಂದೊಂದು ಅಂತರವು ಯೋಗ್ಯವಾಗಿರುವುದೇ ಕಾರಣ. ಎರಡು ಕುಳದ ನೇಗಿಲಿನ ಉಳುಮೆಗೆ ಕಡಿಮೆ ಅಂತರವು ಒಪ್ಪುತ್ತದೆ. ಮೂರು ಅಡಿ ಸಾಲಿನ ಕಬ್ಬಿನಲ್ಲಿ ಚಕ್ರಗಳು ಸಾಲಿನ ನಡುವೆಯೇ ನಡೆಯಬೇಕಾದರೆ 72 ಅಂಗುಲವು ಸರಿಯಾಗುತ್ತದೆ. ಇಳಿಜಾರಿನಲ್ಲಿಯೂ ಬದುಗಳ ಪಕ್ಕದಲ್ಲಿಯೂ ನಡೆಸಬೇಕಾದರೆ, ಬೆಳೆಯ ಸಾಲು ಅವಕಾಶ ಕೊಟ್ಟ ಮಟ್ಟಿಗೂ ಹೆಚ್ಚಿನ ಅಂತರವೇ ಕ್ಷೇಮಕರ. ಟ್ರೇಲರಿಗಾದರೋ ಕಡಿಮೆ ಅಂತರ ಬೇಕಾಗುತ್ತದೆ. ಬೇಸಾಯಕ್ಕೆ ಬೇಕಾದದ್ದೂ ಪ್ರಯಾಣಕ್ಕೆ ಬೇಕಾದದ್ದೂ ಬೇರೆ ಬೇರೆಯಾಗಿರುವುದರಿಂದಲೇ ತೊಡಕು ಹುಟ್ಟುತ್ತದೆ.

ಈ ವಿಷಯದಲ್ಲಿ ನನ್ನ ಅಭಿಪ್ರಾಯವು ಇಷ್ಟು: ಟ್ರೇಲರಿಗಾಗಿ ಚಕ್ರಗಳನ್ನು ಒಳಕ್ಕೆ ತರುವುದು ಅಗತ್ಯವಾದರೆ, ಅಗತ್ಯವಿರುವಷ್ಟನ್ನು ಮಾತ್ರ, ಹೊರಡುವುದಕ್ಕೆ ಮುಂಚಿತವಾಗಿ, ಸಮನೆಲದ ಮೇಲೆ, ಅನುಭವಿಗಳ ಕೈಯಿಂದ ಮಾಡಿಸತಕ್ಕದ್ದು, ಯಂತ್ರವು ಊರನ್ನು ಮುಟ್ಟಿದ ಮೇಲೆ ಚಕ್ರಗಳನ್ನು ಕೆಲಸಕ್ಕೆ ತಕ್ಕ ಅಂತರಕ್ಕೆ ತಾರದೆ ಹೊಲಕ್ಕೆ ಇಳಿಸಕೂಡದು, ಇವೆರಡೂ ಸಾಧ್ಯವಿಲ್ಲದಿದ್ದರೆ ಚಕ್ರವನ್ನು ಬದಲಾಯಿಸುವ ಗೋಜಿಗೆ ಹೋಗದೆ ಟ್ರೇಲರನ್ನೇ ಬದಲಾಯಿಸತಕ್ಕದ್ದು.

ಮೊದಲನೆಯ ಅಂಶವನ್ನು ನೋಡೋಣ. ಎಷ್ಟು ಒಳಕ್ಕೆ ತರಬೇಕೆಂಬುದನ್ನು ಕಣ್ಣಂದಾಜಿನಿಂದ ನಿಶ್ಚಯಿಸುವುದು ಸರಿಯಲ್ಲ. ಅಳತೆಯ ಟೇಪು ಒಂದು ಸಾಕು. ಕೈಪಿಡಿಯಲ್ಲಿ ಹೇಳುವ ಅಂತರವು ಟಯರುಗಳ ನಡುವಿನಿಂದ ಅಳೆದದ್ದು; ಟ್ರೇಲರಿನ ಮೇಲೆ ಹಿಡಿಸಬೇಕಾದದ್ದು ಹೊರ ಅಂಚಿನಿಂದ ಹೊರ ಅಂಚಿನವರೆಗಿನ ಅಗಲ. ಎಂದರೆ ಅಂತರಕ್ಕೆ ಒಂದು ಟಯರಿನ ಅಗಲವನ್ನು ಕೂಡಿಸಿಕೊಳ್ಳಬೇಕು. ಟಯರು 11 ಅಂಗುಲ ಅಗಲವಾಗಿದೆಯೆಂದು ಇಟ್ಟುಕೊಂಡರೆ, 76 ಅಂಗುಲದ ಅಂತರದಲ್ಲಿ ಯಂತ್ರದ ಹೊರ ಅಗಲವು 87 ಅಂಗುಲ, ಅಂದರೆ 7 ಅಡಿ 3 ಅಂಗುಲ. 48 ಅಂಗುಲದ ಅಂತರದಲ್ಲಿ 59 ಅಂಗುಲ, ಅಂದರೆ 4 ಅಡಿ 11 ಅಂಗುಲ. ಟ್ರೇಲರಿನ ಹಾಸು 6 ಅಡಿ ಇದ್ದು, ಎರಡು ಅಂಚುಗಳಲ್ಲಿಯೂ ಮೂರು ಮೂರು ಅಂಗುಲವಾದರೂ ಬಿಡಬೇಕೆಂದರೆ, ಯಂತ್ರಕ್ಕೆ ಉಳಿಯುವುದು 66 ಅಂಗುಲ. 56 ಅಂಗುಲದ ಅಂತರವಾದರೆ ಹೊರ ಅಗಲವು 67 ಅಂಗುಲವಾಗಿ ಹಿಡಿಸುವುದಿಲ್ಲ. 52 ಅಂಗುಲವಾದರೆ 63 ಅಂಗುಲವಾಗಿ ಧಾರಾಳವಾಗಿ ಹಿಡಿಸುತ್ತದೆ. ಹೀಗಿರುವಲ್ಲಿ 48ಕ್ಕೆ ತರುವುದು ವೃಥಾ ಶ್ರಮ. ಅಷ್ಟೇ ಅಲ್ಲದೆ, ತೀರ ಕಡಿಮೆ ಅಂತರದಲ್ಲಿ ದಪ್ಪ ಟಯರುಗಳು ಮಡ್‌ಗಾರ್ಡಿಗಾಗಲಿ, ಹಿಂದಿನ ಉಪಕರಣದ ತೋಳುಗಳಿಗೂ ಸರಪಣಿಗಾಗಲಿ ಉಜ್ಜಿ ಹಾಳಾಗುವುದುಂಟು.

ಮುಂಚಕ್ರಗಳನ್ನು ಹಾಗೆಯೇ ಬಿಟ್ಟು ಹಿಂಚಕ್ರಗಳನ್ನು ಮಾತ್ರ ಒಳಕ್ಕೆ ತರುವುದೂ ತಪ್ಪು. ಟ್ರೇಲರಿಗೆ ಹತ್ತಿಸುವ ಏರುಹಲಗೆಗಳು ಎರಡು ಬೇರೆ ಬೇರೆಯಾಗಿದ್ದರೆ, ಮುಂಚಕ್ರವೂ ಹಿಂಚಕ್ರವೂ ಒಂದೇ ಹಲಗೆಯ ಮೇಲೆ ನಡೆಯಬೇಕು. ಮುಂದಿನ ಅಂತರ 60 ಅಂಗುಲವಾಗಿದ್ದು ಹಿಂದಿನದು 48 ಆದರೆ, ಒಂದೊಂದು ಕಡೆಯಲ್ಲಿಯೂ ಆರು ಅಂಗುಲ ವ್ಯತ್ಯಾಸ ಬೀಳುತ್ತದೆ. ಹಿಂಚಕ್ರವು ಹಲಗೆಯ ನಡುವೆ ಇರುವಾಗ ಮುಂಚಕ್ರವು ಹಲಗೆಯ ಅಂಚಿಗೆ ಬಂದಿರುತ್ತದೆ. ಚಾಲಕನು ಹಿಂದಿನ ದೊಡ್ಡ ಚಕ್ರವನ್ನೇ ನೋಡುತ್ತ ಹತ್ತಿಸಿದರೆ ಮುಂದಿನದು ಜಾರುವುದು ನಿಶ್ಚಯ.

ಇನ್ನು ಕೆಲಸದ ಕ್ರಮ. ತುಕ್ಕು ಹಿಡಿದ ಹಳೆಯ ನಟ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು. ಬಲಾತ್ಕಾರದಿಂದ ತಿರುಗಿಸಿ ಮುರಿದುಕೊಂಡರೆ ಹಳೆಯ ಯಂತ್ರಕ್ಕೆ ಅದರ ಬದಲು ಸಿಕ್ಕುವುದು ಕಷ್ಟ. ಯಂತ್ರವನ್ನು ಗಟ್ಟಿಯಾದ ಸಮನೆಲದ ಮೇಲೆ ನಿಲ್ಲಿಸಿ, ಉಪಕರಣವನ್ನು ಕಳಚಿ, ಇಂಜಿನನ್ನು ನಿಲ್ಲಿಸಬೇಕು. ನೆಲದ ಮೇಲೆ ಉಳಿಯುವ ಚಕ್ರಗಳು ಉರುಳದಂತೆ ಅವುಗಳ ಮುಂದೆಯೂ ಹಿಂದೆಯೂ ಮರದ ತುಂಡುಗಳನ್ನು ಒತ್ತಿಡಬೇಕು. ಗೇರಿನಲ್ಲಿ ಹಾಕಿದ್ದೇವೆ, ಇನ್ನೇನು ಭಯವೆಂದು ಹೇಳುವವರು ಅನೇಕರು. ಒಂದು ಹಿಂಚಕ್ರವನ್ನು ಜಾಕಿಯಿಂದ ಎತ್ತಿದಾಗ ಗೇರು ಯಂತ್ರವನ್ನು ಹಿಡಿದು ನಿಲ್ಲಿಸುವುದಿಲ್ಲವೆಂಬುದನ್ನು ಇವರು ತಿಳಿಯಬೇಕು. ಎರಡು ಚಕ್ರಗಳ ನಡುವಣ ಡಿಫರೆನ್ಷಿಯಲ್ಲಿನ ಸ್ವಭಾವದಿಂದ, ಎತ್ತಿದ ಚಕ್ರವು ಒಂದು ದಿಕ್ಕಿಗೆ ತಿರುಗುತ್ತ ನೆಲದ ಮೇಲಿನ ಚಕ್ರವು ಮತ್ತೊಂದು ದಿಕ್ಕಿಗೆ ಉರುಳಲು ಎಡೆಯಾಗುತ್ತದೆ. ಆಗ ಯಂತ್ರವು ಜಾಕಿಯಿಂದ ಜಾರಿ ಬೀಳುತ್ತದೆ. ಹ್ಯಾಂಡ್ ಬ್ರೇಕನ್ನು ಹಾಕಬೇಕಾದದ್ದು ಸರಿಯೇ. ಹಳೆಯ ಬ್ರೇಕಿನ ಮೇಲೆ ಪೂರ್ಣ ಭರವಸೆ ಸಲ್ಲದು. ನಿಜವಾದ ರಕ್ಷಣೆಯು ಮರದ ತುಂಡಿನದೇ.

ಚಕ್ರವು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿಕೊಂಡು, ಆಮೇಲೆ ಇರುಸಿನ ಗಟ್ಟಿಯಾದ ಭಾಗದ ಕೆಳಗೆ ಜಾಕಿಯನ್ನು ಕೊಟ್ಟು, ಒಂದೊಂದು ಪಕ್ಕವನ್ನೇ ಎತ್ತತಕ್ಕದ್ದು. ಎತ್ತಿದ ಕೂಡಲೆ ಇರುಸಿನ ಕೆಳಗೆ ದಪ್ಪವಾದ ಮರದ ದಿಮ್ಮಿಗಳನ್ನು ಅಡ್ಡಡ್ಡವಾಗಿ ಪೇರಿಸಿ ಭಾರವನ್ನು ಅದರ ಮೇಲೆ ಇಳಿಸಬೇಕು. ಕಲ್ಲನ್ನೂ ಇಟ್ಟಿಗೆಯನ್ನೂ ಎಂದಿಗೂ ಕೊಡಬಾರದು. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಮುಂಭಾಗವನ್ನು ಎತ್ತುವಾಗ ಮತ್ತೊಂದು ಎಚ್ಚರ ಅಗತ್ಯ. ಮುಂದಿನ ಇರುಸು ನಡುವಿನ ಒಂದು ಮೊಳೆಯ ಮೇಲೆ ತಕ್ಕಡಿಯ ದಂಡಿಗೆಯಂತೆ ತೂಗುವುದರಿಂದ, ಇರುಸಿಗೂ ಮೈಗೂ ನಡುವೆ ಎರಡು ಕಡೆಯಲ್ಲಿಯೂ ಮರದ ಬೆಣೆಗಳನ್ನು ಹೊಡೆದು ಅದು ಓಲಾಡದಂತೆ ಮಾಡಿಕೊಳ್ಳಬೇಕು.

ಕೆಲವರು ಹಿಡಿತ ಹೆಚ್ಚಲೆಂದು ಹಿಂದಿನ ಟಯರುಗಳಲ್ಲಿ ನೀರು ತುಂಬಿಸಿರುತ್ತಾರೆ. ಒಂದೊಂದು ಟಯರಿನಲ್ಲಿ ನೂರು ಲೀಟರಿಗೂ ಮಿಕ್ಕಿ ನೀರಿರಬಹುದು. ಅಂತಹ ಚಕ್ರವು ವಾಲಿದರೆ ಇಬ್ಬರು ಆಳುಗಳಿಂದ ತಡೆಯಲು ಸಾಧ್ಯವಿಲ್ಲ; ಕೆಳಗೆ ಸಿಕ್ಕಿದವನ ಕಾಲು ಉಳಿಯುವುದಿಲ್ಲ. ಆದುದರಿಂದ ಮೊದಲು ನೀರನ್ನು ತೆಗೆದುಬಿಡತಕ್ಕದ್ದು. ಇದರಿಂದ ಟ್ರೇಲರಿನ ಹೊರೆಯೂ ಕಡಿಮೆಯಾಗುತ್ತದೆ. ಟಿ.ಇ. 20 ಯಂತ್ರದ ಸ್ವಂತ ತೂಕವೇ ಸುಮಾರು 2,500 ಪೌಂಡು, ಅಂದರೆ 1,100 ಕಿಲೋಗ್ರಾಮಿಗೂ ಮೇಲೆ. 35ರ ವರ್ಗದವು ಅದಕ್ಕಿಂತ ಹೆಚ್ಚು ಭಾರವಾದವು.

ಚಕ್ರವನ್ನು ಮತ್ತೆ ಕೂಡಿಸುವಾಗ ಟಯರಿನ ಏಣುಗಳ ದಿಕ್ಕನ್ನು ಗಮನಿಸಬೇಕು. ಯಂತ್ರದ ಹಿಂದೆ ನಿಂತು ನೋಡಿದರೆ ಏಣುಗಳ ಬಾಣದಂತಹ ಮೊನೆಯು ಮೇಲ್ಮುಖವಾಗಿರಬೇಕು. ಇಡೀ ಚಕ್ರವನ್ನು ಒಳಹೊರಗಾಗಿ ತಿರುಗಿಸಿದಾಗ ಈ ದಿಕ್ಕು ತಲೆಕೆಳಗಾಗುವುದರಿಂದ, ಆಗ ಎಡದ ಚಕ್ರವನ್ನು ಬಲಕ್ಕೂ ಬಲದ ಚಕ್ರವನ್ನು ಎಡಕ್ಕೂ ಹಾಕತಕ್ಕದ್ದು. ನಟ್ಟುಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಸ್ವಲ್ಪ ದೂರ ನಡೆಸಿದ ಮೇಲೆ ಒಮ್ಮೆ, ಒಂದು ದಿನದ ಕೆಲಸವಾದ ಮೇಲೆ ಮತ್ತೊಮ್ಮೆ ಬಿಗಿಮಾಡಬೇಕು. ಈ ಎರಡನೆಯ ಬಿಗಿತವನ್ನು ಬಿಡುವವರೇ ಹೆಚ್ಚು. ನಟ್ಟು ಸಡಿಲವಾದ ಚಕ್ರವು ಡಿಸ್ಕಿನ ರಂಧ್ರಗಳನ್ನು ಅಂಡಾಕಾರವಾಗಿ ತಿಂದುಹಾಕುತ್ತದೆ.

ಟ್ರೇಲರಿಗೆ ಹತ್ತಿಸುವಾಗ ನಡೆಯುವ ಅನಾಹುತಗಳ ಪೈಕಿ ಎರಡನ್ನು ಮುಖ್ಯವಾಗಿ ಹೇಳಬೇಕು. ಉಳುಮೆಯಲ್ಲಿ ತಿರುವಿಗೆ ಅನುಕೂಲವಾಗಲೆಂದು ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳಿರುವ ಯಂತ್ರಗಳಲ್ಲಿ, ಹತ್ತಿಸುವುದಕ್ಕೆ ಮುಂಚೆ ಅವೆರಡನ್ನೂ ಕೊಂಡಿಯಿಂದ ಒಂದಾಗಿ ಸೇರಿಸತಕ್ಕದ್ದು. ಏರುಹಲಗೆಯ ಮೇಲೆ ಒಂದೇ ಬ್ರೇಕನ್ನು ತುಳಿದರೆ ಯಂತ್ರವು ಪಕ್ಕಕ್ಕೆ ತಿರುಗಿ ಉರುಳುತ್ತದೆ. ಎರಡನೆಯದಾಗಿ, ಕಡಿದಾದ ಹಲಗೆಯನ್ನು ಮುಮ್ಮುಖವಾಗಿ ಹತ್ತಿಸಿದರೆ ಮುಂಭಾಗವು ಮೇಲೆದ್ದು ಯಂತ್ರವು ಚಾಲಕನ ಮೇಲೆಯೇ ಹಿಂದಕ್ಕೆ ಬೀಳಬಹುದು. ಹಲಗೆಗಳು ಉದ್ದವಾಗಿದ್ದಷ್ಟೂ ಏರು ಕಡಿಮೆ. ಏರು ಹೆಚ್ಚಾಗಿದ್ದರೆ, ಚಾಲಕನನ್ನು ಕೂರಿಸದೆ ಸರಪಣಿ ರಾಟೆಯಿಂದ ಎಳೆಯುವುದೇ ಮೇಲು; ಓಡಿಸಿಯೇ ಹತ್ತಿಸಬೇಕಾದರೆ ಕಡಿಮೆ ವೇಗದ ಗೇರಿನಲ್ಲಿ ಹಿಮ್ಮುಖವಾಗಿ ಹತ್ತಿಸಬೇಕು. ಹತ್ತಿಸುವಾಗ ಹಲಗೆಯ ಪಕ್ಕದಲ್ಲಿಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು. ಹತ್ತಿಸಿದ ಮೇಲೆ ನಾಲ್ಕು ಮೂಲೆಗಳಿಗೂ ಸರಪಣಿ ಬಿಗಿಯಬೇಕು. ಮುಂದಿನ ಇರುಸನ್ನು ಮಾತ್ರ ಬಿಗಿದರೆ, ಅದು ನಡುಮೊಳೆಯ ಮೇಲೆ ತೂಗುವುದಾದ್ದರಿಂದ ಯಂತ್ರದ ಮೈ ಓಲಾಡುತ್ತಲೇ ಇರುತ್ತದೆ. ಹಿಂದಿನ ಇರುಸನ್ನು ಕಡ್ಡಾಯವಾಗಿ ಬಿಗಿಯಬೇಕು. ಸ್ಟೀರಿಂಗಿನ ಸರಳುಗಳಿಗೆ ಸರಪಣಿ ಹಾಕಲೇಬಾರದು.

ಈಗ ಎರಡನೆಯ ಅಂಶ. ಪ್ರಯಾಣ ಮುಗಿದ ಮೇಲೆ ಚಕ್ರಗಳನ್ನು ಮತ್ತೆ ಹೊರಕ್ಕೆ ಸರಿಸುವುದೇಕೆ? ಒಮ್ಮೆ ಮಾಡಿದ ಕಷ್ಟವನ್ನು ಮತ್ತೆ ಮಾಡುವುದೇಕೆ? ಈ ಪ್ರಶ್ನೆಯನ್ನು ಕೇಳುವವರು ಒಂದು ಲೆಕ್ಕವನ್ನು ನೋಡಬೇಕು. ಹೊಲದ ಬದು ಒಂದಡಿ ಎತ್ತರವಿದೆಯೆಂದು ಭಾವಿಸೋಣ. ಒಂದು ಹಿಂಚಕ್ರವು ಅದರ ಮೇಲೆ ಹತ್ತಿದಾಗ, 76 ಅಂಗುಲದ ಅಂತರವಿರುವ ಯಂತ್ರವು ಸುಮಾರು 9 ಡಿಗ್ರಿ ವಾಲುತ್ತದೆ. 48 ಅಂಗುಲದ ಅಂತರವಿರುವುದು 14 ಡಿಗ್ರಿಗೂ ಮೀರಿ ವಾಲುತ್ತದೆ. ಹೆಚ್ಚು ವಾಲುವ ಈ ಯಂತ್ರವೇ ವಾಲನ್ನು ತಡೆದುಕೊಳ್ಳುವ ಶಕ್ತಿಯನ್ನೂ ಕಳೆದುಕೊಂಡಿರುತ್ತದೆ. ಏಕೆಂದರೆ ಅದರ ಆಧಾರದ ಅಗಲವು ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಗಿ ಕುಗ್ಗಿದೆ. ಮುಂಚಕ್ರಗಳು ಎರಡಿವೆಯಲ್ಲಾ ಎಂದರೆ, ಇರುಸು ನಡುಮೊಳೆಯ ಮೇಲೆ ತೂಗುವುದರಿಂದ, ವಾಲುವ ಮೊದಲ ಹಂತದಲ್ಲಿ ಅವು ಒಂದೇ ಕಾಲಿನಂತೆ ವರ್ತಿಸುತ್ತವೆ. ನಾಲ್ಕು ಚಕ್ರದ ಯಂತ್ರವು ಆಗ ಮೂರು ಕಾಲಿನ ಮಣೆಯಷ್ಟೇ ಸ್ಥಿರ. ವಾಲನ್ನು ತಡೆಯುವ ಭಾರವೆಲ್ಲ ಹಿಂಚಕ್ರಗಳ ಅಂತರದ ಮೇಲೆಯೇ ಬೀಳುತ್ತದೆ.

ಹಳೆಯ ಟ್ರಾಕ್ಟರುಗಳಲ್ಲಿ ಚಾಲಕನ ತಲೆಯ ಮೇಲೆ ರಕ್ಷಣೆಯ ಕಬ್ಬಿಣದ ಚೌಕಟ್ಟು ಇರುವುದಿಲ್ಲ. ಯಂತ್ರವು ಉರುಳಿತೆಂದರೆ ಅದರ ಭಾರವೆಲ್ಲ ಮನುಷ್ಯನ ಮೇಲೆಯೇ. ಚಾಲಕನು ಬಹಳ ಸಲ ಮಾಲೀಕನಲ್ಲ, ದಿನಗೂಲಿಗೆ ಬಂದವನು. ಚಕ್ರಗಳು ಯಾವ ಅಂತರದಲ್ಲಿವೆ, ಯಾರು ಯಾವಾಗ ಬದಲಾಯಿಸಿದರು ಎಂಬುದು ಅವನಿಗೆ ತಿಳಿಯದು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ದುರಭ್ಯಾಸವೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಮಾಲೀಕನು ಅರ್ಧ ದಿನದ ಕೆಲಸವನ್ನು ಉಳಿಸಿಕೊಂಡುದಕ್ಕೆ ಪರರ ಮನೆಯವರು ಬೆಲೆ ತೆರುವಂತಾಗುವುದು ನ್ಯಾಯವೇ ಎಂಬುದನ್ನು ಜಮೀನುದಾರರು ಆಲೋಚಿಸಬೇಕು.

ಮೂರನೆಯ ಅಂಶವಾದ ಟ್ರೇಲರಿನ ಬದಲಾವಣೆಗೆ ಖರ್ಚಿನ ಆಕ್ಷೇಪಣೆಯು ಬರುತ್ತದೆ. ಅಗಲವಾದ ಟ್ರೇಲರಿಗೆ ಬಾಡಿಗೆ ಹೆಚ್ಚೆಂಬುದು ನಿಜ. ಆದರೆ ಚಕ್ರ ಬದಲಾಯಿಸುವುದಕ್ಕೆ ಬೇಕಾದ ಆಳುಗಳ ಕೂಲಿ, ಎರಡು ಸಲದ ಶ್ರಮ, ಮುರಿಯಬಹುದಾದ ಬೋಲ್ಟುಗಳು ಇವುಗಳನ್ನೂ ಲೆಕ್ಕಕ್ಕೆ ಹಿಡಿದರೆ ವ್ಯತ್ಯಾಸವು ಅಷ್ಟೊಂದು ಉಳಿಯುವುದಿಲ್ಲ. ಮೋಟಾರು ವಾಹನಗಳ ಕೇಂದ್ರ ನಿಯಮಾವಳಿಯು (1989) ವಾಹನದ ಅಗಲಕ್ಕೆ ವಿಧಿಸಿರುವ ಮೇರೆಯು 2.6 ಮೀಟರು. 87 ಅಂಗುಲವೆಂದರೆ ಸುಮಾರು 2.2 ಮೀಟರಾದುದರಿಂದ, ಅತಿ ಹೆಚ್ಚಿನ ಅಂತರದಲ್ಲಿರುವ ಈ ಸಣ್ಣ ಯಂತ್ರವೂ ಆ ಮೇರೆಯೊಳಗೇ ಇರುತ್ತದೆ. ತಕ್ಕ ಹಾಸು ಇರುವ ವಾಹನ ಸಿಕ್ಕಿದರೆ ಚಕ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಹತ್ತಿರದ ಊರಿಗಾದರೆ, ಬ್ರೇಕು ಸ್ಟೀರಿಂಗುಗಳು ಸರಿಯಾಗಿದ್ದು ಕಾಗದಪತ್ರಗಳು ಕ್ರಮವಾಗಿದ್ದಲ್ಲಿ, ಹಗಲು ಹೊತ್ತಿನಲ್ಲಿ ಮೆಲ್ಲಗೆ ಓಡಿಸಿಕೊಂಡು ಹೋಗುವುದೂ ಒಂದು ದಾರಿ. ಹರಕು ಟ್ರೇಲರಿನ ಅಂಚಿನಲ್ಲಿ ಟಯರಿನ ಅರ್ಧವನ್ನು ಹೊರಕ್ಕೆ ಬಿಟ್ಟು ಹಗ್ಗ ಸುತ್ತಿ ಸಾಗಿಸುವ ಪದ್ಧತಿಯನ್ನು ಮಾತ್ರ ಯಾವ ನೆಪದಿಂದಲೂ ಸಮರ್ಥಿಸಲಾಗದು.

ಗ್ರಾಮದ ಮುಖಂಡರಾದ ಮಹನೀಯರಲ್ಲಿ ಮೂರು ಬಿನ್ನಹಗಳು. ಒಳ್ಳೆಯ ಜಾಕಿಯೊಂದು, ದಿಮ್ಮಿಗಳ ಜೊತೆಯೊಂದು, ಉದ್ದನೆಯ ಸ್ಪಾನರು, ಅಳತೆಯ ಟೇಪು ಇವುಗಳನ್ನು ಊರಿನ ಸಹಕಾರ ಸಂಘದಲ್ಲಿ ಎಲ್ಲರ ಉಪಯೋಗಕ್ಕಾಗಿ ಇರಿಸುವ ಏರ್ಪಾಡು ಮಾಡಬೇಕು. ಒಬ್ಬೊಬ್ಬ ರೈತನು ಬೇರೆ ಬೇರೆಯಾಗಿ ಕೊಳ್ಳಬೇಕಾದ ಅಗತ್ಯವಿಲ್ಲ. ಹಳೆಯ ಟ್ರಾಕ್ಟರನ್ನು ಹೊರಗಿನಿಂದ ಕೊಂಡುತಂದವರು ಅದನ್ನು ಹೊಲಕ್ಕೆ ಇಳಿಸುವ ಮುಂಚೆ ಚಕ್ರದಂತರವನ್ನು ಅಳೆದು ನೋಡುವಂತೆ ಹೇಳಬೇಕು. ಮಾರಿದವರು ಸಾಗಣೆಗಾಗಿ ಒಳಕ್ಕೆ ತಂದಿರುವುದು ಸಾಮಾನ್ಯ. ಈಗಿರುವ ಅಂತರವೆಷ್ಟೆಂಬುದನ್ನು ಮಡ್‌ಗಾರ್ಡಿನ ಮೇಲೆ ಚಾಲಕನ ಕಣ್ಣಿಗೆ ಬೀಳುವಂತೆ ಬಣ್ಣದಿಂದ ಬರೆಯಿಸಬೇಕು. ಬದಲಾಯಿಸಿದಾಗಲೆಲ್ಲ ಅಳಿಸಿ ಹೊಸದಾಗಿ ಬರೆಯತಕ್ಕದ್ದು. ಮೂರರಲ್ಲಿಯೂ ಈ ಕಡೆಯದಕ್ಕೆ ಖರ್ಚು ಅತ್ಯಲ್ಪ, ಪ್ರಯೋಜನವು ಅತ್ಯಧಿಕ. ಎರಡು ಅಂಕೆಗಳನ್ನು ಓದಬಲ್ಲ ಯಾವ ಚಾಲಕನಿಗಾದರೂ ತಾನು ಕೂತಿರುವ ಯಂತ್ರವು ಬದುವಿನ ಪಕ್ಕಕ್ಕೆ ಹೋಗಲು ತಕ್ಕದ್ದೋ ಅಲ್ಲವೋ ಎಂಬುದು ಅದರಿಂದ ತಿಳಿಯುತ್ತದೆ. ಮುಂದಿನ ಮುಂಗಾರಿನ ಉಳುಮೆಗೆ ಮುಂಚೆ ಒಂದೊಂದು ಊರಿನಲ್ಲಿಯೂ ಒಂದೊಂದು ಯಂತ್ರದ ಮೇಲಾದರೂ ಈ ಅಂಕೆಗಳು ಕಾಣಿಸಿಕೊಂಡರೆ, ಉಳಿದವರು ನೋಡಿ ಅನುಸರಿಸುವರೆಂದು ನಂಬಿರುತ್ತೇನೆ.